ಗಜಕರ್ಣಕ್ಕೆ ಮುಲಾಮು: ಬಳಕೆಯ ಸರಿಯಾದ ಕ್ರಮ

ಬೆಟಗೇರಿಯ ಮಗ್ಗದ ಮನೆಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹೊಲಗಳಲ್ಲಾಗಲಿ ಬೆವರಿ ದುಡಿಯುವವರ ತೊಡೆಸಂದು, ಸೊಂಟ, ಕಂಕುಳಲ್ಲಿ ಕೆಂಪು ಅಂಚಿನ, ತುರಿಸುವ ದುಂಡು ಮಚ್ಚೆಗಳು ಏಳಬಹುದು. ಗಜಕರ್ಣ ಅಥವಾ ಹುಳುಕಡ್ಡಿ ಎನ್ನಲಾಗುವ ಈ ರೋಗಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ.

ಹಚ್ಚುವ ಕ್ರಮ: ಚರ್ಮವನ್ನು ತೊಳೆದು, ಪೂರ್ಣವಾಗಿ ಒರೆಸಿ, ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ 2 ಬಾರಿ ತೆಳುವಾಗಿ ಹಚ್ಚಬೇಕು. ಶಿಲೀಂಧ್ರವು ಅಂಚಿನಲ್ಲಿ ಬೆಳೆಯುವುದರಿಂದ ಮಚ್ಚೆಯ ಹೊರಗೂ ಸುಮಾರು 2 ಸೆಂ.ಮೀ. ಹಚ್ಚುವುದು ಅವಶ್ಯ. ಬಳಿಕ ಕೈ ತೊಳೆಯಬೇಕು. ತುರಿಕೆ ನಿಂತೊಡನೆ ಔಷಧಿ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಮಚ್ಚೆ ಮಾಯವಾದ ನಂತರವೂ 2 ವಾರ ಮುಂದುವರಿಸಬೇಕು.

ಎಚ್ಚರಿಕೆ: ಬೆಟಾಮೆಥಾಸೋನ್, ಕ್ಲೋಬೆಟಾಸೋಲ್‌ನಂತಹ ಸ್ಟೀರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ಬೇಗ ತಗ್ಗಿಸುತ್ತವೆ, ಆದರೆ ಸೋಂಕು ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿದೆ. ಆದ್ದರಿಂದ ಕೊಳ್ಳುವ ಮುನ್ನ ಟ್ಯೂಬಿನ ಮೇಲಿನ ಹೆಸರುಗಳನ್ನು ಓದಬೇಕು, ಇಲ್ಲವೇ ಓದಿಸಿಕೊಳ್ಳಬೇಕು.

ಮನೆಯಲ್ಲಿ: ಟವೆಲ್, ಒಳಉಡುಪು, ಹಾಸಿಗೆ ಹಂಚಿಕೊಳ್ಳಬಾರದು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು. ಸೋಂಕುಳ್ಳ ಎಲ್ಲ ಸದಸ್ಯರೂ ಏಕಕಾಲಕ್ಕೆ ಚಿಕಿತ್ಸೆ ಪಡೆಯದಿದ್ದರೆ ಅದು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ವೈದ್ಯರ ಭೇಟಿ: ತಲೆ ಅಥವಾ ಉಗುರಿನ ಸೋಂಕಿಗೆ ಸಾಮಾನ್ಯವಾಗಿ ಮುಲಾಮು ಮಾತ್ರ ಸಾಲದು. ಶಿಶುಗಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಮುಲಾಮಿನಿಂದ ಉರಿ, ಗುಳ್ಳೆ ಉಂಟಾದರೆ ಬಳಕೆ ನಿಲ್ಲಿಸಬೇಕು. ಅಂತಹವರೂ, 2 ವಾರಗಳಲ್ಲಿ ಗುಣ ಕಾಣದವರೂ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಬಳಸಿದ ಟ್ಯೂಬನ್ನು ಜೊತೆಗೆ ಒಯ್ಯತಕ್ಕದ್ದು.