ಉಳಿಗೆ ಸಾಣೆ: ಕೈಕಸುಬಿನ ಒಂದು ಪಾಠ

ಮರಗೆಲಸದ ಉಪಕರಣಗಳಲ್ಲಿ ಉಳಿಗೆ ವಿಶಿಷ್ಟವಾದ ಸ್ಥಾನವಿದೆ. ಗರಗಸವು ಮರವನ್ನು ಕೊಯ್ಯುತ್ತದೆ, ಬಾಚಿಯು ಕೆತ್ತುತ್ತದೆ. ಆದರೆ ದಾರಂದದ ಎರಡು ಮರಗಳನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಸಬೇಕಾದರೆ ಉಳಿಯೇ ಬೇಕು. ಗಡಿನಾಡಿನವರಾದ ನಮಗೆ ಈ ಹೆಸರಿನಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ಕನ್ನಡ, ತುಳು, ಮಲಯಾಳ, ತಮಿಳುಗಳಲ್ಲಿ ಇದು 'ಉಳಿ', ತೆಲುಗಿನಲ್ಲಿ 'ಉಲಿ'. ಕಾಸರಗೋಡಿನಲ್ಲಿ ಬೇರೆಬೇರೆ ಮನೆಮಾತಿನ ಆಚಾರಿಗಳು ಒಂದೇ ಹೆಸರಿನಿಂದ ಕರೆಯುವ ಉಪಕರಣವಿದು.

ಮೊಂಡು ಉಳಿಯಿಂದ ಕೆಲಸ ಕೆಡುವುದಷ್ಟೇ ಅಲ್ಲ, ಕೈಗೂ ಅಪಾಯವಿದೆ. ಅದು ಮರವನ್ನು ಕಡಿಯದೆ ಜಜ್ಜುತ್ತದೆ. ಮುಂದೆ ಸಾಗಿಸಲು ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗ ಜಾರುತ್ತದೆ. ಹರಿತವಾದ ಉಳಿಯು ಹಗುರವಾದ ಒತ್ತಡಕ್ಕೇ ಹೇಳಿದಂತೆ ಕೇಳುತ್ತದೆ. ಆದುದರಿಂದ ಮರಗೆಲಸದ ಮೊದಲ ಪಾಠ ಕೆತ್ತುವುದಲ್ಲ, ಹರಿತ ಮಾಡುವುದು.

ಹರಿತವೆಂದರೇನು?

ಉಳಿಯ ಬಾಯಿಯಲ್ಲಿ ಎರಡು ಸಮತಲಗಳು ಕೂಡುತ್ತವೆ. ಒಂದು ಚಪ್ಪಟೆಯಾದ ಬೆನ್ನು, ಇನ್ನೊಂದು ಇಳಿಜಾರಾದ ಮುಖ. ಎರಡು ಸಮತಲಗಳು ಒಂದು ರೇಖೆಯಲ್ಲಿ ಸಂಧಿಸುತ್ತವೆಯೆಂದು ರೇಖಾಗಣಿತದಲ್ಲಿ ಓದುತ್ತೇವೆ. ಆ ರೇಖೆಯೇ ಅಲಗು. ಇಳಿಜಾರನ್ನು ಮಾತ್ರ ಉಜ್ಜಿ ಬೆನ್ನನ್ನು ಮರೆತರೆ ಹರಿತ ಬಾರದು. ಹೊಸ ಉಳಿಯ ಬೆನ್ನನ್ನು, ಬಾಯಿಯ ಕಡೆಯ ಎರಡು ಮೂರು ಸೆಂಟಿಮೀಟರಿನಷ್ಟಾದರೂ, ಕಲ್ಲಿನ ಮೇಲೆ ಮಟ್ಟಸವಾಗಿಟ್ಟು ಹೊಳಪು ಬರುವವರೆಗೆ ಉಜ್ಜಬೇಕು.

ಸಾಮಾನ್ಯ ಕೆಲಸಕ್ಕೆ ಇಳಿಜಾರಿನ ಕೋನ 25ರಿಂದ 30 ಡಿಗ್ರಿ. ಕೊಡತಿಯ ಪೆಟ್ಟು ತಿಂದು ಕುಳಿ ತೋಡುವ ಉಳಿಗೆ 30ರಿಂದ 35 ಡಿಗ್ರಿ ಬೇಕು. ಕೋನ ಕಿರಿದಾದಷ್ಟೂ ಹರಿತ ಹೆಚ್ಚು, ಬಾಳಿಕೆ ಕಡಿಮೆ. ಕೋನಮಾಪಕ ಇಲ್ಲದಿದ್ದರೂ ಅಳೆಯಬಹುದು: ಇಳಿಜಾರಿನ ಉದ್ದವು ಅಲಗಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ.

ಸಾಣೆ ಮತ್ತು ಮಸೆತ

ಸಾಣೆ ಹಿಡಿಯುವುದು, ಮಸೆಯುವುದು ಎಂಬ ಎರಡು ಮಾತುಗಳು ಎರಡು ಬೇರೆ ಕೆಲಸಗಳನ್ನು ಸೂಚಿಸುತ್ತವೆ. ಬಾಯಿ ಮುಕ್ಕಾದಾಗ ಅಥವಾ ಕೋನ ಕೆಟ್ಟಾಗ ಸಾಣೆಚಕ್ರದಲ್ಲಿ ಆಕಾರ ಸರಿಪಡಿಸುವುದು ಮೊದಲನೆಯದು. ಇಲ್ಲಿ ಬಹಳ ಎಚ್ಚರ ಬೇಕು. ವಿದ್ಯುತ್ ಚಕ್ರಕ್ಕೆ ಒತ್ತಿ ಹಿಡಿದ ಉಕ್ಕು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಯಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವು ತಾಗಿತೆಂದು ಅರ್ಥ; ಸಾಮಾನ್ಯ ಇಂಗಾಲದ ಉಕ್ಕಿನ ಹದ ಆಗ ಕೆಟ್ಟಿರುತ್ತದೆ. ಮತ್ತೆ ಎಷ್ಟು ಮಸೆದರೂ ಆ ಭಾಗದಲ್ಲಿ ಹರಿತ ನಿಲ್ಲದು. ಮೆದುವಾದ ಉಕ್ಕನ್ನು ಸವೆಸಿ ತೆಗೆಯಬೇಕಾಗುತ್ತದೆ. ಆದುದರಿಂದ ಹಗುರವಾಗಿ ತಾಗಿಸಿ, ಮತ್ತೆ ಮತ್ತೆ ನೀರಿನಲ್ಲಿ ಅದ್ದಬೇಕು.

ಮಸೆಯುವುದು ಕಲ್ಲಿನ ಮೇಲೆ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕಂಡುಹಿಡಿದ ಕಾರ್ಬೊರಂಡಮ್‌ನಿಂದ ಮಾಡಿದ, ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಕಲ್ಲು ಅಂಗಡಿಗಳಲ್ಲಿ ಸಿಗುತ್ತದೆ. ಕ್ರಮ ಹೀಗಿದೆ:

1. ಕಲ್ಲನ್ನು ಅಲುಗಾಡದಂತೆ ಇಟ್ಟು ನೀರು ಅಥವಾ ಎಣ್ಣೆ ಹಾಕಬೇಕು. ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಿಡಿಸದು.

2. ಇಳಿಜಾರನ್ನು ಒರಟು ಬದಿಯ ಮೇಲಿಟ್ಟು, ಕೋನ ಬದಲಾಗದಂತೆ ಹಿಂದೆ ಮುಂದೆ ಉಜ್ಜಬೇಕು. ಬೆನ್ನಿನ ಕಡೆಗೆ ಅತಿ ತೆಳುವಾದ ಉಕ್ಕಿನ ಎಳೆಯೊಂದು ಹೊರಳಿ ನಿಲ್ಲುತ್ತದೆ. ಬೆರಳನ್ನು ಬೆನ್ನಿನಿಂದ ಅಂಚಿನಾಚೆಗೆ ಸವರಿದರೆ ಅದು ತಿಳಿಯುತ್ತದೆ. ಅಂಚಿನುದ್ದಕ್ಕೆ ಎಂದೂ ಬೆರಳೆಳೆಯಬಾರದು. ಅಂಚಿನ ಪೂರ್ಣ ಅಗಲಕ್ಕೆ ಎಳೆ ಬಂದ ಮೇಲೆಯೇ ನಯವಾದ ಬದಿಗೆ ಹೋಗಬೇಕು.

3. ನಯವಾದ ಬದಿಯಲ್ಲಿ ಮಸೆದು, ಬೆನ್ನನ್ನು ಮಟ್ಟಸವಾಗಿಟ್ಟು ಒಂದೆರಡು ಸಲ ಉಜ್ಜಿ ಎಳೆಯನ್ನು ತೆಗೆಯಬೇಕು. ಬೆನ್ನನ್ನು ಸ್ವಲ್ಪ ಎತ್ತಿ ಉಜ್ಜಿದರೂ ಶ್ರಮ ವ್ಯರ್ಥ.

4. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಚರ್ಮ ಕೊಯ್ದುಹೋಗುತ್ತದೆ.

ಕಲ್ಲಿನ ನಡುಭಾಗ ಸವೆದು ಗುಳಿಬಿದ್ದರೆ ಉಳಿಯ ಬಾಯಿ ಡೊಂಕಾಗುತ್ತದೆ. ಆದುದರಿಂದ ಕಲ್ಲಿನ ಎಲ್ಲ ಭಾಗವನ್ನೂ ಬಳಸಬೇಕು.

ಪರೀಕ್ಷೆ

ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಮೊಂಡಾದೆಡೆ ಬಿಳಿಯ ಗೆರೆ ಹೊಳೆಯುತ್ತದೆ. ಹರಿತವಾದ ಅಂಚಿನಲ್ಲಿ ಬೆಳಕು ಪ್ರತಿಫಲಿಸಲು ಎಡೆಯೇ ಇರುವುದಿಲ್ಲ. ಬಳಿಕ ಮೆದುಮರದ ತುಂಡೊಂದರ ತುದಿಯಲ್ಲಿ, ಎಳೆಗಳಿಗೆ ಅಡ್ಡವಾಗಿ, ತೆಳ್ಳಗೆ ಹೆರೆಯಿರಿ. ಮರ ಪುಡಿಯಾಗದೆ ನುಣುಪಾದ ಮುಖ ಕಂಡರೆ ಉಳಿ ಸಿದ್ಧ. ಹೆರೆಯುವಾಗ ಎರಡು ಕೈಗಳೂ ಅಲಗಿನ ಹಿಂದೆಯೇ ಇರಲಿ. ತೇಗದಲ್ಲಿ ಸಿಲಿಕಾದ ಅಂಶವಿರುವುದರಿಂದ ಉಳಿ ಬೇಗ ಮೊಂಡಾಗುತ್ತದೆ, ನಡುನಡುವೆ ಮಸೆಯುತ್ತಿರಬೇಕು. ನಮ್ಮ ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಸವರಿ ಇಡದಿದ್ದರೆ ತುಕ್ಕು ತಪ್ಪದು.

ಶಾಲೆಯಲ್ಲಿ ಇದೇಕೆ?

1937ರ ವಾರ್ಧಾ ಶಿಕ್ಷಣ ಸಮ್ಮೇಳನವು ಎರಡು ವಿಷಯಗಳನ್ನು ಒಟ್ಟಿಗೆ ಹೇಳಿತ್ತು: ಬೋಧನೆ ಮಾತೃಭಾಷೆಯಲ್ಲಿರಬೇಕು, ಕಲಿಕೆಯ ಕೇಂದ್ರದಲ್ಲಿ ಉತ್ಪಾದಕವಾದ ಕೈಕೆಲಸವಿರಬೇಕು. ಮೊದಲನೆಯದಕ್ಕಾಗಿ ಗಡಿನಾಡಿನ ನಾವು ಸಾಕಷ್ಟು ಶ್ರಮಪಟ್ಟಿದ್ದೇವೆ. ಎರಡನೆಯದನ್ನು ಅಷ್ಟಾಗಿ ನೆನೆದಿಲ್ಲ. ಸಾಣೆ, ಮಸೆತ, ಹದ, ಮೊಂಡು, ಮುಕ್ಕು ಮೊದಲಾದ ಮಾತುಗಳನ್ನು ಮಕ್ಕಳು ನಿಘಂಟಿನಿಂದ ಕಲಿಯಬಹುದು. ಆದರೆ ಕೈಯಲ್ಲಿ ಉಳಿ ಹಿಡಿದವನಿಗೆ ಅವುಗಳ ಅರ್ಥವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಗೆ ನಾಲ್ಕು ಉಳಿ, ಒಂದು ಮಸೆಗಲ್ಲು ಬಂದು, ಊರಿನ ಹಿರಿಯ ಆಚಾರಿಯೊಬ್ಬರು ವಾರಕ್ಕೊಂದು ಗಂಟೆ ಮಕ್ಕಳೊಡನೆ ಕುಳಿತರೆ ಆ ಪಾಠ ಆರಂಭವಾದಂತೆಯೇ.