ಗಾಜಿನ ಸುತ್ತಲಿನ ರಬ್ಬರು

ಕುಕ್ಕರಿನ ಮುಚ್ಚಳ ತೆಗೆದು ನೋಡಿ. ಒಳಗೆ ಬಳೆಯ ಹಾಗೆ ಒಂದು ರಬ್ಬರು ಇದೆ. ಅದೇ ಗ್ಯಾಸ್ಕೆಟ್. ಹಳೆಯದಾದರೆ ಅದು ಗಟ್ಟಿಯಾಗುತ್ತದೆ. ಪಕ್ಕದಿಂದ ಹಬೆ ಹೋಗುತ್ತದೆ. ಆಗ ನಾವು ಕುಕ್ಕರ್ ಎಸೆಯುತ್ತೇವೆಯೇ? ಇಲ್ಲ. ಗ್ಯಾಸ್ಕೆಟ್ ಮಾತ್ರ ಬದಲಾಯಿಸುತ್ತೇವೆ.

ಅಂಬಾಸಿಡರ್ ಕಾರನ್ನು ನೀವು ನೋಡಿದ್ದೀರಿ. ಪಶ್ಚಿಮ ಬಂಗಾಳದ ಉತ್ತರಪಾರಾ ಎಂಬಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ತಯಾರಿಸುತ್ತಿತ್ತು. 2014ರಲ್ಲಿ ತಯಾರಿಕೆ ನಿಂತಿತು. ಆದರೂ ಕೆಲವು ಮನೆಗಳಲ್ಲಿ ಈ ಕಾರು ಇನ್ನೂ ಓಡುತ್ತಿದೆ. ಇದರ ಮುಂದಿನ ಗಾಜಿನ ಸುತ್ತಲೂ ಒಂದು ಕಪ್ಪು ರಬ್ಬರು ಇದೆ. ಗ್ಯಾರೇಜಿನವರು ಅದನ್ನು ಬೀಡಿಂಗ್ ಅಂತಾರೆ. ಅದರಲ್ಲಿ ಎರಡು ಗಾಡಿಗಳಿವೆ, ಅಂದರೆ ಉದ್ದಕ್ಕೂ ಕೊರೆದ ಸಂದುಗಳು. ಒಂದು ಸಂದಿನಲ್ಲಿ ಗಾಜು ಕೂರುತ್ತದೆ. ಇನ್ನೊಂದು ಸಂದು ಕಾರಿನ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ.

ಬಿಸಿಲಿಗೆ ಈ ರಬ್ಬರು ಒಣಗಿ ಬಿರಿಯುತ್ತದೆ. ಮಳೆ ನೀರು ಒಳಗೆ ಇಳಿಯುತ್ತದೆ. ಮೊದಲು ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ. ಮ್ಯಾಟ್ ಕೆಳಗಿನ ತಗಡಿಗೆ ತುಕ್ಕು ಹಿಡಿಯುತ್ತದೆ. ಬಿಟ್ಟರೆ ತೂತೇ ಬೀಳುತ್ತದೆ! ಆಗ ಟಿಂಕರಿಂಗ್ ಕೆಲಸಕ್ಕೆ ಆಗುವ ಖರ್ಚು ರಬ್ಬರಿನ ಬೆಲೆಗಿಂತ ಎಷ್ಟೋ ಹೆಚ್ಚು.

ರಬ್ಬರು ಹೋದರೆ ಗಾಜನ್ನೂ ಬದಲಾಯಿಸಬೇಕು ಅಂತ ಯಾರಾದರೂ ಹೇಳಬಹುದು. ಗಾಜು ಬಿರುಕು ಬಿಡದೆ ಇದ್ದರೆ ಅದೇ ಸಾಕು. ಬಿಲ್ಲು ಕೈಗೆ ಬಂದಾಗ ಒಂದೊಂದೇ ಸಾಲು ಓದಿ. "ಗಾಜು" ಅಂತ ಬರೆದಿದ್ದರೆ, ಯಾಕೆ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು ಸಾಲಾಗಿವೆ. ಅಲ್ಲಿ ಕೇಳುವಾಗ ಕಾರಿನ ಮಾಡೆಲ್ ಹೇಳಬೇಕು. ಹಳೆಯ ರಬ್ಬರಿನ ತುಂಡು ಒಯ್ದು ಅಳತೆ ತೋರಿಸಿದರೆ ಇನ್ನೂ ಒಳ್ಳೆಯದು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡಲು ಹೋಗಬಾರದು. ಕೈಗೆ ದಪ್ಪ ಗವಸು ಹಾಕಿಕೊಳ್ಳಬೇಕು. ಮೊದಲು ವೈಪರ್ ಕಡ್ಡಿ ಬಿಚ್ಚಬೇಕು. ಹಳೆಯ ರಬ್ಬರು ಕಲ್ಲಿನಂತಾಗಿದ್ದರೆ ಎಳೆದಾಡುವುದು ಬೇಡ. ಹೊರಗಿನ ಅಂಚನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಗಾಜು ಒಡೆಯುತ್ತದೆ. ಆಮೇಲೆ ಒಬ್ಬರು ಒಳಗಿನಿಂದ ಅಂಗೈ ಅಗಲಿಸಿ ಮೆಲ್ಲಗೆ ತಳ್ಳಬೇಕು. ಇನ್ನೊಬ್ಬರು ಹೊರಗೆ ಹಿಡಿದುಕೊಳ್ಳಬೇಕು. ತೆಗೆದ ಗಾಜನ್ನು ಕಂಬಳಿಯ ಮೇಲೆ ಇಡಿ.

ಈಗ ತಗಡಿನ ಅಂಚು ನೋಡಿ. ಹಳೆಯ ಅಂಟನ್ನು ಕೆರೆಯಿರಿ. ತುಕ್ಕು ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿ. ಪೂರ್ತಿ ಒಣಗಲಿ. ಬಹಳ ಮಂದಿ ಇಲ್ಲೇ ಅವಸರ ಮಾಡುತ್ತಾರೆ. ತುಕ್ಕಿನ ಮೇಲೆ ಹೊಸ ರಬ್ಬರು ಕೂರಿಸಿದರೆ ಒಳಗೊಳಗೇ ತುಕ್ಕು ಬೆಳೆಯುತ್ತದೆ, ನೀರು ಮತ್ತೆ ಸೋರುತ್ತದೆ.

ಹೊಸ ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ಮೆತ್ತಗಾಗುತ್ತದೆ. ಮೊದಲು ಅದನ್ನು ಗಾಜಿನ ಸುತ್ತ ಹಾಕಿ. ಇನ್ನೊಂದು ಸಂದಿನಲ್ಲಿ ಲಂಗದ ಲಾಡಿಯಷ್ಟು ದಪ್ಪದ ನೈಲಾನ್ ಹುರಿಯನ್ನು ಸುತ್ತಲೂ ಕೂರಿಸಿ. ಹುರಿಯ ಎರಡು ತುದಿಗಳು ಕೆಳಗೆ, ನಡುವೆ, ಒಂದರ ಮೇಲೊಂದು ಬರಲಿ. ಸಂದಿಗೂ ತಗಡಿಗೂ ಸೋಪಿನ ನೀರು ಹಚ್ಚಿ. ಸೀಮೆಎಣ್ಣೆ, ಗ್ರೀಸು ಬೇಡವೇ ಬೇಡ, ರಬ್ಬರು ಉಬ್ಬಿ ಹಾಳಾಗುತ್ತದೆ.

ಗಾಜನ್ನು ಹೊರಗಿನಿಂದ ಜಾಗಕ್ಕೆ ಇಟ್ಟು, ಹುರಿಯ ತುದಿಗಳನ್ನು ಒಳಕ್ಕೆ ಬಿಡಿ. ಒಳಗಿದ್ದವರು ಒಂದು ತುದಿಯನ್ನು ಮೆಲ್ಲಗೆ ಎಳೆಯಬೇಕು. ಎಳೆದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಬರುತ್ತದೆ. ಹೊರಗಿದ್ದವರು ಅದೇ ಜಾಗದಲ್ಲಿ ಅಂಗೈಯಿಂದ ಒತ್ತಬೇಕು. ಮೊದಲು ಕೆಳಗಿನ ಅಂಚು. ಆಮೇಲೆ ಎರಡು ಪಕ್ಕ. ಕೊನೆಗೆ ಮೇಲಿನ ಅಂಚು. ಮೂಲೆಯಲ್ಲಿ ಬಿಗಿಯಾದರೆ ಜಗ್ಗಬೇಡಿ. ಸೋಪಿನ ನೀರು ಇನ್ನಷ್ಟು ಹಾಕಿ. ಗುದ್ದಿದರೆ ಗಾಜು ಹೋಯಿತು!

ನೀರು ಒಣಗಿದ ಮೇಲೆ ರಬ್ಬರಿನ ಹೊರ ತುಟಿಯ ಕೆಳಗೆ ಕಪ್ಪು ಸೀಲಂಟ್ ತುಂಬಿ, ಹೆಚ್ಚಾದದ್ದನ್ನು ಒರೆಸಿ.

ಮರುದಿನ ಪರೀಕ್ಷೆ. ಕಾರಿನೊಳಗೆ ಮ್ಯಾಟ್ ತೆಗೆದು ಹಳೆಯ ಪೇಪರ್ ಹಾಸಿ. ಗಾಜಿನ ಮೇಲೆ ನಾಲ್ಕು ಕೊಡ ನೀರು ಸುರಿಯಿರಿ. ಹತ್ತು ನಿಮಿಷ ಬಿಟ್ಟು ಪೇಪರ್ ನೋಡಿ. ಒದ್ದೆಯಾಗಿದ್ದರೆ, ಅದರ ನೇರ ಮೇಲೇ ತೂತು ಇದೆ ಅಂತ ತಿಳಿಯಬೇಡಿ. ನೀರು ಮೇಲಿನ ಮೂಲೆಯಲ್ಲಿ ನುಗ್ಗಿ, ರಬ್ಬರಿನೊಳಗೇ ಹರಿದು, ಕೆಳಗೆ ಎಲ್ಲೋ ತೊಟ್ಟಿಕ್ಕಬಹುದು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಕೆಳಗಿನಿಂದ ಶುರು ಮಾಡಿ, ಒಂದೊಂದೇ ಚೊಂಬು ಸುರಿಯುತ್ತಾ ಮೇಲಕ್ಕೆ ಹೋಗಲಿ.