ಗೂಗಲ್ ಲೆಕ್ಕ ಬದಲಿಸಿದರೆ ಗಿರಾಕಿ ಎಲ್ಲಿ?

ಜೇನು, ಕಾಳುಮೆಣಸು, ಹಲಸಿನ ಹಪ್ಪಳ ಮಾರಲು ವೆಬ್‌ಸೈಟ್ ಮಾಡಿಕೊಂಡ ಕೃಷಿಕರು ಈಗ ಅಲ್ಲಲ್ಲಿ ಇದ್ದಾರೆ. ವರ್ಷಗಟ್ಟಲೆ ಬರುತ್ತಿದ್ದ ವಿಚಾರಣೆ ಒಮ್ಮೆಲೇ ಕಮ್ಮಿಯಾದರೆ ತಪ್ಪು ಮಾಲಿನದ್ದೇ ಆಗಬೇಕೆಂದಿಲ್ಲ. ಯಾವ ಪುಟ ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕವನ್ನು ಗೂಗಲ್ ಬದಲಿಸಿರಬಹುದು.

ಹಿಂದೆಯೂ ಹೀಗಾಗಿದೆ. ಅಮೆರಿಕದಲ್ಲಿ ಜೊಳ್ಳು ಬರಹ ರಾಶಿ ಹಾಕುವ ತಾಣಗಳಿದ್ದವು. ಅವಕ್ಕೆ ‘ಕಂಟೆಂಟ್ ಫಾರ್ಮ್’ ಅಂತ ಹೆಸರು! 2011ರ ಫೆಬ್ರವರಿಯಲ್ಲಿ ‘ಪಾಂಡಾ’ ಎಂಬ ಬದಲಾವಣೆ ಬಂದು ಇಂಥವನ್ನು ಕೆಳಕ್ಕೆ ತಳ್ಳಿತು. 2012ರ ‘ಪೆಂಗ್ವಿನ್’, ದುಡ್ಡು ಕೊಟ್ಟು ಬೇರೆ ತಾಣಗಳಲ್ಲಿ ಕೊಂಡಿ ಹಾಕಿಸಿದವರನ್ನು ಹಿಡಿಯಿತು. 2015ರ ಏಪ್ರಿಲಿನಿಂದ ಮೊಬೈಲಿಗೆ ಹೊಂದದ ಪುಟಗಳು ಮೊಬೈಲ್ ಹುಡುಕಾಟದಲ್ಲಿ ಹಿಂದೆ ಬಿದ್ದವು. 2024ರಲ್ಲಿ ಭಾರತಕ್ಕೂ ಬಂದ ಎಐ ಸಾರಾಂಶ ಹಲವು ಪ್ರಶ್ನೆಗಳಿಗೆ ಗೂಗಲ್ ಪುಟದಲ್ಲೇ ಉತ್ತರ ಕೊಡುತ್ತದೆ. ಉತ್ತರ ಅಲ್ಲೇ ಸಿಕ್ಕಿದ ಮೇಲೆ ನಮ್ಮ ತಾಣದವರೆಗೆ ಬರುವವರು ಕಮ್ಮಿ.

ಹಾಗಾದರೆ ಏನು ಮಾಡಬಹುದು?

* ನಕಲು ಬರಹ ಬೇಡ. ನಿಮ್ಮ ತೋಟದ್ದನ್ನೇ ಬರೆಯಿರಿ: ತಳಿ, ಕೊಯ್ಲಿನ ತಿಂಗಳು, ಒಣಗಿಸುವ ಕ್ರಮ, ದರ.

* ‘ಮೊದಲ ಸ್ಥಾನ ಗ್ಯಾರಂಟಿ’ ಅನ್ನುವವರಿಗೆ ದುಡ್ಡು ಸುರಿಯಬೇಡಿ. ಅಂಥ ಗ್ಯಾರಂಟಿ ಯಾರಿಂದಲೂ ಆಗದು ಎಂದು ಗೂಗಲೇ ಹೇಳಿದೆ.

* ನಿಮ್ಮ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಕ್ಷರ ಓದಲಿಕ್ಕಾಗುತ್ತದೆಯೇ? ಫೋನ್ ನಂಬರ್ ಕೂಡಲೇ ಕಾಣುತ್ತದೆಯೇ?

* ಕೊಂಡವರ ನಂಬರನ್ನು ಅವರ ಒಪ್ಪಿಗೆ ಕೇಳಿ ಬರೆದಿಡಿ. ಹೊಸ ಕೊಯ್ಲು ಬಂದಾಗ ವಾಟ್ಸಾಪಿನಲ್ಲಿ ತಿಳಿಸಿ. ಈ ಪಟ್ಟಿ ನಿಮ್ಮದೇ, ಗೂಗಲಿನದ್ದಲ್ಲ.

ಒಂದೇ ಬೆಳೆ ನಂಬಿದರೆ ದರ ಬಿದ್ದ ವರ್ಷ ಏನಾಗುತ್ತದೆಂದು ನಮಗ್ಯಾರೂ ಹೇಳಿಕೊಡಬೇಕಿಲ್ಲ. ಮಾರಾಟದ ದಾರಿಯಲ್ಲೂ ಮಿಶ್ರಬೆಳೆ ಇರಲಿ.